ಕೆ.ಜಿ.ಎಫ್ ಚಲನಚಿತ್ರ ಸರಣಿಯ ಕಾಲಾನುಕ್ರಮ

ಕೆ.ಜಿ.ಎಫ್ ಚಲನಚಿತ್ರ ಸರಣಿಯ ಕಾಲಾನುಕ್ರಮ ಎಂದರೆ ಪ್ರಶಾಂತ್ ನೀಲ್ ನಿರ್ದೇಶನದ *ಕೆ.ಜಿ.ಎಫ್: ಚಾಪ್ಟರ್ 1* (2018) ಮತ್ತು *ಕೆ.ಜಿ.ಎಫ್: ಚಾಪ್ಟರ್ 2* (2022) ಚಿತ್ರಗಳಲ್ಲಿ ಹಿಂದುಮುಂದಾಗಿ ನಿರೂಪಿತವಾಗಿರುವ ಘಟನೆಗಳನ್ನು ಅವು ನಡೆದ ಕ್ರಮದಲ್ಲಿ ಜೋಡಿಸಿಕೊಳ್ಳುವ ಪ್ರಯತ್ನ. ಈ ಕೆಲಸವನ್ನು ಬಹುಮಟ್ಟಿಗೆ ಪ್ರೇಕ್ಷಕರೇ ಮಾಡಿದ್ದಾರೆ. ಎರಡು ಚಿತ್ರಗಳ ನಡುವಿನ ಸಾಂಗತ್ಯ, ಅದೇ ನಿರ್ದೇಶಕರ *ಉಗ್ರಂ* (2014) ಮತ್ತು *ಸಲಾರ್: ಭಾಗ 1 – ಸೀಸ್‌ಫೈರ್* (2023) ಚಿತ್ರಗಳೊಡನೆ ಈ ಕಥೆಗೆ ಸಂಬಂಧವಿದೆಯೇ ಎಂಬ ಪ್ರಶ್ನೆ, ಮುಂದಿನ ಭಾಗದ ಕುರಿತ ಊಹೆಗಳು ಈ ಚರ್ಚೆಯ ಮುಖ್ಯ ವಿಷಯಗಳು. ಕಥೆಯು ಕೋಲಾರ ಜಿಲ್ಲೆಯ ನಿಜವಾದ ಊರೊಂದರ ಹೆಸರನ್ನು ಹೊತ್ತಿರುವುದರಿಂದ, ಚಾಂಪಿಯನ್ ರೀಫ್ಸ್ ಮತ್ತು ಸುತ್ತಲಿನ ಗಣಿಗಳ ವಾಸ್ತವ ಇತಿಹಾಸದೊಡನೆ ಚಿತ್ರದ ಇಸವಿಗಳು ಹೊಂದುತ್ತವೆಯೇ ಎಂಬ ಪ್ರಶ್ನೆಯೂ ಇದರೊಡನೆ ಸೇರಿಕೊಂಡಿದೆ.

## ಹಿನ್ನೆಲೆ

ಹೊಂಬಾಳೆ ಫಿಲ್ಮ್ಸ್ ಸಂಸ್ಥೆಗಾಗಿ ವಿಜಯ್ ಕಿರಗಂದೂರು ನಿರ್ಮಿಸಿದ ಚಾಪ್ಟರ್ 1, 2018ರ ಡಿಸೆಂಬರ್ 21ರಂದು ಬಿಡುಗಡೆಯಾಯಿತು. ಚಾಪ್ಟರ್ 2 ತೆರೆಗೆ ಬಂದದ್ದು 2022ರ ಏಪ್ರಿಲ್ 14ರಂದು. ರಾಕಿ ಎಂದು ಹೆಸರಾಗುವ ರಾಜಾ ಕೃಷ್ಣಪ್ಪ ಬೈರ್ಯನ ಪಾತ್ರದಲ್ಲಿ ಯಶ್ ನಟಿಸಿದ್ದಾರೆ. ಎರಡೂ ಚಿತ್ರಗಳು ಕನ್ನಡದಲ್ಲಿ ತಯಾರಾಗಿ ತೆಲುಗು, ತಮಿಳು, ಮಲಯಾಳಂ ಹಾಗೂ ಹಿಂದಿ ಭಾಷೆಗಳಲ್ಲಿಯೂ ಪ್ರದರ್ಶನ ಕಂಡವು.

ಚಿತ್ರಗಳ ನಿರೂಪಣೆ ನೇರವಾದುದಲ್ಲ. 2018ರಲ್ಲಿ ಸುದ್ದಿವಾಹಿನಿಯೊಂದರ ಸಂಪಾದಕಿ ದೀಪಾ ಹೆಗಡೆ (ಮಾಳವಿಕಾ ಅವಿನಾಶ್) ಹಿರಿಯ ಪತ್ರಕರ್ತ ಆನಂದ್ ಇಂಗಳಗಿ (ಅನಂತ್ ನಾಗ್) ಅವರನ್ನು ಸಂದರ್ಶಿಸುತ್ತಾರೆ. ಇಂಗಳಗಿ ಬರೆದ *ಎಲ್ ಡೊರಾಡೊ* ಎಂಬ ಪುಸ್ತಕವನ್ನು ಸರ್ಕಾರ ನಿಷೇಧಿಸಿರುತ್ತದೆ. ಅವರ ಬಾಯಿಂದ ಹೊರಡುವ ಕಥೆ ಒಮ್ಮೆ 1981ಕ್ಕೆ, ಒಮ್ಮೆ 1951ಕ್ಕೆ, ಮತ್ತೊಮ್ಮೆ 1978ಕ್ಕೆ ಜಿಗಿಯುತ್ತದೆ. ನಾಯಕನ ಬಾಲ್ಯದ ದೃಶ್ಯಗಳು ಎರಡೂ ಚಿತ್ರಗಳಲ್ಲಿ ಚದುರಿಕೊಂಡಿವೆ. ಎರಡನೆಯ ಭಾಗದಲ್ಲಿ ಇಂಗಳಗಿ ಪಾರ್ಶ್ವವಾಯುವಿಗೆ ತುತ್ತಾಗಿ, ಉಳಿದ ಕಥೆಯನ್ನು ಅವರ ಮಗ ವಿಜಯೇಂದ್ರ ಇಂಗಳಗಿ (ಪ್ರಕಾಶ್ ರಾಜ್) ಹೇಳುತ್ತಾರೆ. ಕಥೆಯ ಪೂರ್ವಾಪರವನ್ನು ತಿಳಿಯಬಯಸುವ ಪ್ರೇಕ್ಷಕನು ತಾನೇ ತುಣುಕುಗಳನ್ನು ಹೆಕ್ಕಿ ಜೋಡಿಸಿಕೊಳ್ಳಬೇಕಾಗುತ್ತದೆ. ಕಾಲಾನುಕ್ರಮ ರಚನೆಯ ಹವ್ಯಾಸ ಹುಟ್ಟಿದ್ದು ಇಲ್ಲಿಂದಲೇ.

## ವಿಧಾನ

ಕನ್ನಡ ಸಾಹಿತ್ಯ ಚರಿತ್ರೆಯ ಓದುಗರಿಗೆ ಈ ಬಗೆಯ ಶೋಧನೆ ಹೊಸದಲ್ಲ. ಕವಿಯ ಕಾಲವನ್ನು ನಿರ್ಣಯಿಸುವಾಗ ವಿದ್ವಾಂಸರು ಕೃತಿಯೊಳಗೇ ಸಿಗುವ ಆಂತರಿಕ ಸಾಕ್ಷ್ಯವನ್ನೂ, ಶಾಸನ ಮತ್ತು ಇತರ ಕವಿಗಳ ಉಲ್ಲೇಖಗಳಂಥ ಬಾಹ್ಯ ಸಾಕ್ಷ್ಯವನ್ನೂ ಬೇರೆಬೇರೆಯಾಗಿ ತೂಗುತ್ತಾರೆ. ಪಂಪನು ಆದಿಪುರಾಣ ಮುಗಿದ ವರ್ಷವನ್ನು ಶಕ 863 ಎಂದು ತಾನೇ ಹೇಳಿರುವುದರಿಂದ ಆ ಕೃತಿಯ ಕಾಲ ಕ್ರಿ.ಶ. 941 ಎಂದು ಖಚಿತವಾಗಿದೆ. ಲಕ್ಷ್ಮೀಶನು ಅಂಥ ಸೂಚನೆ ನೀಡದ ಕಾರಣ ಅವನ ಕಾಲದ ಬಗ್ಗೆ ದೀರ್ಘ ಚರ್ಚೆ ನಡೆದಿದೆ. ಚಿತ್ರಪ್ರೇಮಿಗಳು ಬಳಸುವ ಆಧಾರಗಳನ್ನೂ ಇದೇ ರೀತಿಯಲ್ಲಿ ವಿಂಗಡಿಸಬಹುದು.

* ತೆರೆಯ ಮೇಲಿನ ಇಸವಿ: ದೃಶ್ಯದೊಡನೆ ಅಕ್ಷರರೂಪದಲ್ಲಿ ಮೂಡುವ ವರ್ಷ. ಇದನ್ನು ಅತ್ಯಂತ ಪ್ರಬಲ ಆಧಾರವೆಂದು ಎಣಿಸಲಾಗುತ್ತದೆ.
* ನಿರೂಪಕನ ಮಾತು: ಇಂಗಳಗಿ ತಂದೆ-ಮಗ ಹೇಳುವ ವರ್ಷ ಮತ್ತು ಅವಧಿ. ಇವು ನೆನಪಿನಿಂದ ಅಥವಾ ಬರಹದಿಂದ ಬಂದ ಮಾತುಗಳಾದ್ದರಿಂದ ಇವುಗಳ ಸ್ಥಾನ ಎರಡನೆಯದು.
* ವಯಸ್ಸಿನ ಲೆಕ್ಕ: ಪಾತ್ರದ ಹುಟ್ಟಿದ ವರ್ಷಕ್ಕೆ ಹೇಳಿದ ವಯಸ್ಸನ್ನು ಕೂಡಿಸಿ ಪಡೆಯುವ ವರ್ಷ. ಇದರಲ್ಲಿ ಒಂದು ವರ್ಷದ ಹೆಚ್ಚುಕಡಿಮೆ ಸಹಜ.
* ವಸ್ತುಸಾಕ್ಷ್ಯ: ವಾಹನ, ಆಯುಧ, ದೂರವಾಣಿ, ಗೋಡೆಯ ಗಡಿಯಾರ, ಪತ್ರಿಕೆಯ ತಲೆಬರಹ ಮುಂತಾದವು.
* ಬಾಹ್ಯ ಸಾಕ್ಷ್ಯ: ನಿರ್ದೇಶಕ ಮತ್ತು ನಿರ್ಮಾಪಕರ ಸಂದರ್ಶನಗಳು, ಭಿತ್ತಿಚಿತ್ರಗಳು, ಟೀಸರ್‌ಗಳು.

ಈ ಆಧಾರಗಳು ಪರಸ್ಪರ ವಿರೋಧಿಸಿದಾಗ ಯಾವುದನ್ನು ಒಪ್ಪಬೇಕೆಂಬುದೇ ವಾದದ ತಿರುಳು. ವಸ್ತುಸಾಕ್ಷ್ಯಕ್ಕೆ ಒಂದು ಮಿತಿಯಿದೆ. ಒಂದು ವಾಹನ 1975ರಲ್ಲಿ ತಯಾರಾದದ್ದೆಂದು ತಿಳಿದರೆ ಆ ದೃಶ್ಯ 1975ಕ್ಕಿಂತ ಹಿಂದಿನದಲ್ಲವೆಂದಷ್ಟೇ ಹೇಳಬಹುದು. ಎಷ್ಟು ನಂತರದ್ದೆಂದು ಅದರಿಂದ ತಿಳಿಯದು. ಕಾಲಕ್ಕೆ ಹೊಂದದ ವಸ್ತುವೊಂದು ಕಂಡರೆ ಅದು ಕಥೆಯ ಸುಳಿವೋ ಕಲಾ ವಿಭಾಗದ ಕಣ್ತಪ್ಪೋ ಎಂಬುದನ್ನೂ ವಿವೇಚಿಸಬೇಕಾಗುತ್ತದೆ.

ಸ್ಥಳನಾಮಗಳ ವಿಷಯದಲ್ಲಿಯೂ ಎಚ್ಚರ ಅಗತ್ಯ. ಮೈಸೂರು ರಾಜ್ಯ ಕರ್ನಾಟಕವೆಂದು ಹೆಸರು ಪಡೆದದ್ದು 1973ರ ನವೆಂಬರ್ 1ರಂದು. ಬಾಂಬೆ ಅಧಿಕೃತವಾಗಿ ಮುಂಬೈ ಆದದ್ದು 1995ರಲ್ಲಿ. 1951ರ ಅಥವಾ 1961ರ ಘಟನೆಯನ್ನು ಹೇಳುವಾಗ ನಿರೂಪಕನು ಇಂದಿನ ಹೆಸರನ್ನು ಬಳಸಿದರೆ ಅದು ದೋಷವಲ್ಲ, ಏಕೆಂದರೆ ಆತ ಮಾತನಾಡುತ್ತಿರುವುದು 2018ರಲ್ಲಿ. ಅದೇ ಹೆಸರನ್ನು ಹಳೆಯ ಕಾಲದ ದೃಶ್ಯದೊಳಗಿನ ಪಾತ್ರವೊಂದು ಆಡಿದರೆ ಮಾತ್ರ ಅದು ಕಾಲವಿರೋಧವಾಗುತ್ತದೆ.

## ಕಥೆಯ ಕಾಲಾನುಕ್ರಮ

ಎರಡೂ ಚಿತ್ರಗಳ ಮುಖ್ಯ ಘಟನೆಗಳನ್ನು ಸಾಮಾನ್ಯವಾಗಿ ಕೆಳಗಿನಂತೆ ಜೋಡಿಸಲಾಗುತ್ತದೆ.

| ವರ್ಷ | ಘಟನೆ | ಆಧಾರ |
|---|---|---|
| 1951 | ಕೋಲಾರ ಪ್ರದೇಶದಲ್ಲಿ ಚಿನ್ನದ ಅದಿರು ಪತ್ತೆ. ಅದೇ ವೇಳೆಗೆ ರಾಕಿಯ ಜನನ | ಚಿತ್ರದ ಹೇಳಿಕೆ |
| 1951ರ ನಂತರ | ಸೂರ್ಯವರ್ಧನ್ ಸುಣ್ಣಕಲ್ಲು ಗಣಿಯ ಹೆಸರಿನಲ್ಲಿ 99 ವರ್ಷಗಳ ಗುತ್ತಿಗೆ ಪಡೆದು ನರಾಚಿಯಲ್ಲಿ ಗುಟ್ಟಾಗಿ ಚಿನ್ನ ತೆಗೆಯಲಾರಂಭಿಸುವುದು | ಚಿತ್ರದ ಹೇಳಿಕೆ |
| ಸು. 1961 | ತಾಯಿಯ ಮರಣದ ನಂತರ ಹತ್ತರ ಹರೆಯದ ರಾಕಿ ಬಾಂಬೆ ಸೇರುವುದು | ವಯಸ್ಸಿನ ಲೆಕ್ಕ |
| 1978 | ಸೂರ್ಯವರ್ಧನ್‌ನ ಹಿರಿಯ ಮಗ ಗರುಡನನ್ನು ಕೊಲ್ಲಲು ರಾಕಿ ಬೆಂಗಳೂರಿಗೆ, ಅಲ್ಲಿಂದ ಕೂಲಿಯಾಳಿನ ವೇಷದಲ್ಲಿ ನರಾಚಿಗೆ ಬರುವುದು. ಗರುಡನ ವಧೆ | ಚಿತ್ರದ ಹೇಳಿಕೆ |
| 1978–1981 | ನರಾಚಿಯ ಮೇಲೆ ರಾಕಿಯ ಹಿಡಿತ, ಅಧೀರನ ದಾಳಿ, ದುಬೈನಲ್ಲಿ ಇನಾಯತ್ ಖಲೀಲ್‌ನ ಭೇಟಿ, ಸೈನ್ಯ ಕಟ್ಟುವುದು | ಘಟನಾಕ್ರಮದಿಂದ ಊಹೆ |
| 1981 | ಪ್ರಧಾನಿ ರಮಿಕಾ ಸೇನ್ ರಾಕಿಯ ವಿರುದ್ಧ ಮರಣಾದೇಶಕ್ಕೆ ಸಹಿ ಹಾಕುವುದು, ಸೇನಾ ಕಾರ್ಯಾಚರಣೆ, ಹಡಗಿನೊಡನೆ ರಾಕಿ ಸಮುದ್ರ ಸೇರುವುದು | ಚಿತ್ರದ ಹೇಳಿಕೆ |
| 2018 | ಇಂಗಳಗಿಯ ಸಂದರ್ಶನ. ಮಗನಿಂದ ಕಥೆಯ ಮುಂದುವರಿಕೆ | ಚಿತ್ರದ ಹೇಳಿಕೆ |

ಈ ಪಟ್ಟಿಯಿಂದ ಕೆಲವು ಉಪಸಿದ್ಧಾಂತಗಳು ಹೊರಡುತ್ತವೆ. ನರಾಚಿಗೆ ಬರುವಾಗ ರಾಕಿಗೆ ಸುಮಾರು ಇಪ್ಪತ್ತೇಳು ವರ್ಷ, ಕಥೆ ಮುಗಿಯುವಾಗ ಮೂವತ್ತು. ಗುತ್ತಿಗೆಯು 1951ರಲ್ಲಿಯೇ ಆರಂಭವಾಗಿದ್ದರೆ ಅದರ ಅವಧಿ 2050ರವರೆಗೆ ನಡೆಯಬೇಕು. ಅಂದರೆ ಸಂದರ್ಶನ ನಡೆಯುವ 2018ರಲ್ಲಿಯೂ ಗುತ್ತಿಗೆ ಕಾಗದದ ಮೇಲೆ ಜೀವಂತವಾಗಿರುತ್ತದೆ. ಎರಡನೆಯ ಭಾಗ ತೆರೆಕಂಡದ್ದು 2022ರಲ್ಲಾದರೂ ಅದರ ನಿರೂಪಣಾ ಕಾಲ 2018ರಲ್ಲಿಯೇ ನಿಂತಿರುವುದನ್ನೂ ಗಮನಿಸಬೇಕು. ಪ್ರೇಕ್ಷಕನ ಪಾಲಿನ ಮೂರು ವರ್ಷಕ್ಕೂ ಹೆಚ್ಚಿನ ಕಾಯುವಿಕೆ ಕಥೆಯೊಳಗೆ ಸಂದರ್ಶನದ ಒಂದು ವಿರಾಮ ಮಾತ್ರ.

## ಚರ್ಚೆಗೊಳಗಾದ ಪ್ರಶ್ನೆಗಳು

### 1978–1981ರ ಅವಧಿ

ಹೆಚ್ಚು ವಾದ ನಡೆದಿರುವುದು ಈ ಮೂರು ವರ್ಷಗಳ ಮೇಲೆ. ಚಾಪ್ಟರ್ 2ರ ಅಂತ್ಯದ ನಂತರ ಬರುವ ದೃಶ್ಯದಲ್ಲಿ, ರಾಕಿ ಇದೇ ಅವಧಿಯಲ್ಲಿ ಅಮೆರಿಕವೂ ಸೇರಿದಂತೆ ಹಲವು ದೇಶಗಳಲ್ಲಿ ಅಪರಾಧಗಳನ್ನು ಎಸಗಿದ್ದನೆಂಬ ಮಾಹಿತಿಯನ್ನು ಅಮೆರಿಕದ ಗುಪ್ತಚರ ಸಂಸ್ಥೆಯವರು ಪ್ರಧಾನಿಯ ಮುಂದಿಡುತ್ತಾರೆ. ಚಾಪ್ಟರ್ 3ರ ಹಸ್ತಪ್ರತಿಯ ಸೂಚನೆಯೂ ದೊರೆಯುತ್ತದೆ.

ತೊಡಕು ಇರುವುದು ಸಮಯದ ಲೆಕ್ಕದಲ್ಲಿ. ತೆರೆಯ ಮೇಲೆ ಈ ಮೂರು ವರ್ಷಗಳು ಆಗಲೇ ತುಂಬಿಹೋಗಿವೆ. ಗರುಡನ ಸಹಚರರನ್ನು ಅಡಗಿಸುವುದು, ಗುಂಡೇಟಿನಿಂದ ಚೇತರಿಸಿಕೊಳ್ಳುವುದು, ದುಬೈ ಪ್ರಯಾಣ, ಆಯುಧ ಸಂಗ್ರಹ, ಉತ್ಖನನದ ವಿಸ್ತರಣೆ, ರೀನಾಳೊಡನೆ ವಿವಾಹ ಇವೆಲ್ಲವೂ ಇದೇ ಅವಧಿಗೆ ಸೇರಬೇಕು. ವಿದೇಶಗಳ ಚಟುವಟಿಕೆಗೆ ಎಲ್ಲಿ ಎಡೆ ಎಂಬುದೇ ಪ್ರಶ್ನೆ. ಇದಕ್ಕೆ ಮೂರು ಬಗೆಯ ಸಮಾಧಾನಗಳುಂಟು. ಒಂದು, ಎರಡನೆಯ ಭಾಗದ ನಡುವೆ ಕಾಲ ವೇಗವಾಗಿ ಸರಿದುಹೋಗುವ ದೃಶ್ಯಸರಣಿಗಳಿದ್ದು ಹೇಳದೆ ಬಿಟ್ಟ ತಿಂಗಳುಗಳು ಅಲ್ಲಿ ಅಡಗಿವೆ. ಎರಡು, ಆ ಅಪರಾಧಗಳನ್ನು ರಾಕಿ ಸ್ವತಃ ಹೋಗಿ ಮಾಡಿರಬೇಕಾಗಿಲ್ಲ, ಚಿನ್ನದ ವ್ಯವಹಾರದ ಮೂಲಕ ಬೇರೆಯವರಿಂದ ಮಾಡಿಸಿರಬಹುದು. ಮೂರು, ಇಂಗಳಗಿಗೆ ಈ ಭಾಗ ತಿಳಿದಿರಲಿಲ್ಲ ಅಥವಾ ತಿಳಿದೂ ಮೊದಲ ಪುಸ್ತಕದಲ್ಲಿ ಅದನ್ನು ಬರೆಯಲಿಲ್ಲ. ಈ ಮೂರರಲ್ಲಿ ಮೊದಲನೆಯದಕ್ಕೆ ಹೆಚ್ಚುವರಿ ಕಲ್ಪನೆಯ ಅಗತ್ಯ ಕಡಿಮೆ.

### ನಿರೂಪಕನ ವಿಶ್ವಾಸಾರ್ಹತೆ

ಇಡೀ ಕಥೆ ಒಬ್ಬ ಪತ್ರಕರ್ತನ ಬಾಯಿಂದಲೂ ನಂತರ ಅವನ ಮಗನ ಬಾಯಿಂದಲೂ ಬರುತ್ತದೆ. ರಾಕಿ ಒಬ್ಬನೇ ಇದ್ದ ಕ್ಷಣಗಳು ಇಂಗಳಗಿಗೆ ತಿಳಿದದ್ದು ಹೇಗೆಂಬ ಪ್ರಶ್ನೆಗೆ ಚಿತ್ರ ಪೂರ್ತಿಯಾಗಿ ಉತ್ತರಿಸುವುದಿಲ್ಲ. ನಿರೂಪಕ ಉತ್ಪ್ರೇಕ್ಷೆ ಮಾಡಿದ್ದಾನೆ, ಕೇಳಿದ ದಂತಕಥೆಯನ್ನೇ ಇತಿಹಾಸವೆಂದು ಬರೆದಿದ್ದಾನೆ ಎಂದು ಒಪ್ಪಿಕೊಂಡರೆ ಕಾಲದ ತೊಡಕುಗಳೆಲ್ಲ ಒಮ್ಮೆಗೇ ಕರಗಿಹೋಗುತ್ತವೆ. ಈ ಅನುಕೂಲವೇ ಈ ವಾದದ ದೌರ್ಬಲ್ಯವೂ ಆಗಿದೆ. ಯಾವ ವಿರೋಧವನ್ನಾದರೂ ನಿರೂಪಕನ ತಲೆಗೆ ಕಟ್ಟಬಹುದಾದರೆ, ಸರಿಯಾದ ಕಾಲಾನುಕ್ರಮಕ್ಕೂ ತಪ್ಪಾದ ಕಾಲಾನುಕ್ರಮಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ. ಆದ್ದರಿಂದ ಬೇರೆಲ್ಲ ದಾರಿಗಳು ಮುಚ್ಚಿದ ಮೇಲಷ್ಟೇ ಇದನ್ನು ಆಶ್ರಯಿಸುವುದು ಲೇಸು.

### ಕಾಲ್ಪನಿಕ ಪ್ರಧಾನಿ

1981ರಲ್ಲಿ ಭಾರತದ ಪ್ರಧಾನಿಯಾಗಿದ್ದವರು ಇಂದಿರಾ ಗಾಂಧಿ. ಚಿತ್ರದಲ್ಲಿ ಆ ಸ್ಥಾನದಲ್ಲಿರುವವರು ರಮಿಕಾ ಸೇನ್ (ರವೀನಾ ಟಂಡನ್). ಸಂಸತ್ತಿನೊಳಗೇ ರಾಜಕಾರಣಿ ಗುರು ಪಾಂಡಿಯನ್‌ನ ಹತ್ಯೆ ನಡೆಯುವ ಪ್ರಸಂಗವೂ ಕಲ್ಪಿತವಾದುದು. ಹೀಗಾಗಿ ಚಿತ್ರದ ಭಾರತ ನಾವು ಬಲ್ಲ ಭಾರತವಲ್ಲ, 1951ರ ನಂತರ ಕವಲೊಡೆದ ಇನ್ನೊಂದು ಭಾರತ ಎಂದು ಭಾವಿಸಿಕೊಳ್ಳುವುದು ಚರ್ಚೆಗೆ ಸುಲಭವಾದ ನೆಲೆ ಒದಗಿಸುತ್ತದೆ.

## ಇತರ ಚಿತ್ರಗಳೊಡನೆ ಸಂಬಂಧದ ವಾದ

ಪ್ರಶಾಂತ್ ನೀಲ್ ಅವರ ಚಿತ್ರಗಳೆಲ್ಲವೂ ಒಂದೇ ಕಥಾಲೋಕಕ್ಕೆ ಸೇರಿವೆಯೆಂಬ ಊಹೆ *ಸಲಾರ್* ಚಿತ್ರದ ಸಮಯದಲ್ಲಿ ವ್ಯಾಪಕವಾಗಿ ಹಬ್ಬಿತು. ಆ ಚಿತ್ರದ ಟೀಸರ್ 2023ರ ಜುಲೈ 6ರ ಬೆಳಗಿನ ಜಾವ 5 ಗಂಟೆ 12 ನಿಮಿಷಕ್ಕೆ ಬಿಡುಗಡೆಯಾಯಿತು. ಈ ವಿಚಿತ್ರ ವೇಳೆಯನ್ನು ಚಾಪ್ಟರ್ 2ರ ಅಂತ್ಯದಲ್ಲಿ ರಾಕಿಯ ಹಡಗಿನ ಮೇಲೆ ದಾಳಿ ನಡೆಯುವ ವೇಳೆಗೆ ಅಭಿಮಾನಿಗಳು ತಳಕು ಹಾಕಿದರು. ಎರಡೂ ಚಿತ್ರಗಳ ಕಪ್ಪು-ಬೂದು ವರ್ಣಸಂಯೋಜನೆ, ಒಂದೇ ನಿರ್ಮಾಣ ಸಂಸ್ಥೆ, ಸಂಗೀತ ನಿರ್ದೇಶಕ ರವಿ ಬಸ್ರೂರು, ಛಾಯಾಗ್ರಾಹಕ ಭುವನ್ ಗೌಡ ಅವರ ಮುಂದುವರಿಕೆ ಈ ಊಹೆಗೆ ಬಲ ಕೊಟ್ಟವು.

ಇನ್ನೊಂದು ಊಹೆ ಕಲಾವಿದರ ಆಧಾರದ ಮೇಲೆ ನಿಂತದ್ದು. ಚಾಪ್ಟರ್ 2ರಲ್ಲಿ ಮಗನನ್ನು ಕಳೆದುಕೊಳ್ಳುವ ಫಾತಿಮಾಳ ಪಾತ್ರ ವಹಿಸಿದ ಈಶ್ವರಿ ರಾವ್, *ಸಲಾರ್*‌ನಲ್ಲಿ ನಾಯಕ ದೇವನ ತಾಯಿಯಾಗಿದ್ದಾರೆ. ಹಾಗಾದರೆ ಫಾತಿಮಾಳ ಮಗ ಬದುಕುಳಿದು ದೇವನಾಗಿರಬಹುದೆಂದು ಕೆಲವರು ವಾದಿಸಿದರು. ಈ ವಾದವನ್ನು ಕಾಲಗಣನೆಯಿಂದಲೇ ಪರೀಕ್ಷಿಸಬಹುದು. ಫಾತಿಮಾಳ ಮಗ 1978–1981ರ ಅವಧಿಯಲ್ಲಿಯೇ ಆಯುಧ ಹಿಡಿಯುವ ವಯಸ್ಸಿನ ಹುಡುಗ. *ಸಲಾರ್* ಕಥೆಯ ಆರಂಭವಾಗುವ 1985ರಲ್ಲಿ ದೇವ ಇನ್ನೂ ಬಾಲಕ. ಮೊದಲಿನ ಚಿತ್ರದಲ್ಲಿ ಹದಿಹರೆಯದವನು ಕೆಲವು ವರ್ಷಗಳ ನಂತರದ ಚಿತ್ರದಲ್ಲಿ ಅವನಿಗಿಂತ ಕಿರಿಯನಾಗುವುದು ಸಾಧ್ಯವಿಲ್ಲ. ಒಂದೇ ನಟಿ ಎರಡು ಪಾತ್ರ ಮಾಡಿದ ಮಾತ್ರಕ್ಕೆ ಪಾತ್ರಗಳು ಒಂದಾಗುವುದಿಲ್ಲವೆಂಬ ಸರಳ ವಿಷಯವೂ ಇಲ್ಲಿದೆ.

*ಸಲಾರ್* 2023ರ ಡಿಸೆಂಬರ್ 22ರಂದು ತೆರೆಕಂಡಿತು. ಅದಕ್ಕೂ ಕೆ.ಜಿ.ಎಫ್ ಸರಣಿಗೂ ಸಂಬಂಧವಿಲ್ಲವೆಂದು ನಿರ್ದೇಶಕರು ಸ್ಪಷ್ಟಪಡಿಸಿದರು. ಅದು 2014ರ ಫೆಬ್ರವರಿಯಲ್ಲಿ ಬಿಡುಗಡೆಯಾಗಿದ್ದ ಶ್ರೀಮುರಳಿ ಅಭಿನಯದ *ಉಗ್ರಂ* ಕಥೆಯನ್ನೇ ವಿಸ್ತಾರವಾದ ಹಂದರದಲ್ಲಿ ಮತ್ತೆ ಹೇಳಿದ ಚಿತ್ರ. ಒಂದೇ ಕಥೆಯ ಎರಡು ರೂಪಗಳು ಒಂದೇ ಲೋಕದಲ್ಲಿ ಅಕ್ಕಪಕ್ಕ ಇರಲಾರವಾದ್ದರಿಂದ, ನಾಲ್ಕೂ ಚಿತ್ರಗಳನ್ನು ಒಂದೇ ರೇಖೆಯ ಮೇಲೆ ಇಡುವ ಪ್ರಯತ್ನ ಅಲ್ಲಿಯೇ ಕುಸಿಯುತ್ತದೆ.

## ವಾಸ್ತವ ಇತಿಹಾಸದೊಡನೆ ಹೋಲಿಕೆ

ಚಿತ್ರದ ಕಾಲಾನುಕ್ರಮದಲ್ಲಿ ಹೊರಗಿನ ಓದುಗರನ್ನು ಅತಿ ಹೆಚ್ಚು ದಾರಿ ತಪ್ಪಿಸಬಹುದಾದ ಇಸವಿ ಮೊದಲನೆಯದೇ. 1951ರಲ್ಲಿ ಕೋಲಾರದ ಬಳಿ ಚಿನ್ನ ಪತ್ತೆಯಾಯಿತೆಂದು ಕಥೆ ಹೇಳುತ್ತದೆ. ವಾಸ್ತವದಲ್ಲಿ ಆ ವೇಳೆಗೆ ಚಾಂಪಿಯನ್ ರೀಫ್ ಗಣಿಯ ಕಾರ್ಮಿಕರ ಮೂರನೆಯ ತಲೆಮಾರು ನೆಲದಾಳಕ್ಕೆ ಇಳಿಯುತ್ತಿತ್ತು.

| ವರ್ಷ | ಚಿತ್ರದ ಕಥೆ | ಕೋಲಾರ ಚಿನ್ನದ ಗಣಿ ಪ್ರದೇಶದ ವಾಸ್ತವ |
|---|---|---|
| 1802 | – | ಮಾರಿಕುಪ್ಪಂ, ಉರಿಗಾಂ ಭಾಗದ ಚಿನ್ನದ ಕುರಿತು ಸೈನ್ಯಾಧಿಕಾರಿ ಜಾನ್ ವಾರನ್ ನಡೆಸಿದ ಪರಿಶೀಲನೆ |
| 1880ರ ದಶಕ | – | ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತದಲ್ಲಿ ಗಣಿಗಾರಿಕೆ ನೆಲೆಗೊಳ್ಳುವುದು |
| 1902 | – | ಶಿವನಸಮುದ್ರದ ಜಲವಿದ್ಯುತ್ ಗಣಿಗಳಿಗೆ ತಲುಪುವುದು |
| 1951 | ಚಿನ್ನದ ಅದಿರು ಪತ್ತೆ | ಬ್ರಿಟಿಷ್ ಕಂಪನಿಗಳ ಕೈಯಲ್ಲಿ ಗಣಿಗಾರಿಕೆ |
| 1956 | ನರಾಚಿಯಲ್ಲಿ ಗುಪ್ತ ಉತ್ಖನನ | ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಳ್ಳುವುದು |
| 1962 | ರಾಕಿ ಬಾಂಬೆಯಲ್ಲಿ | ಗಣಿಗಳು ಕೇಂದ್ರ ಸರ್ಕಾರದ ಅಧೀನಕ್ಕೆ |
| 1972 | – | ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಸ್ಥಾಪನೆ |
| 1978–1981 | ರಾಕಿಯ ಆಳ್ವಿಕೆ ಮತ್ತು ಅಂತ್ಯ | ಸರ್ಕಾರಿ ಸ್ವಾಮ್ಯದಲ್ಲಿ ಗಣಿಗಾರಿಕೆ. ಚಾಂಪಿಯನ್ ರೀಫ್ ಆಳದಲ್ಲಿ ಪ್ರೋಟಾನ್ ಕ್ಷಯದ ಪ್ರಯೋಗಕ್ಕೆ ನಾಂದಿ |
| 2001 | – | ಗಣಿಗಳ ಮುಚ್ಚುಗಡೆ |

ಕಥೆಯ ತಿರುಳೇ ಗುಟ್ಟು. ಸರ್ಕಾರಕ್ಕೆ ತಿಳಿಯದಂತೆ ಚಿನ್ನ ಹೊರಸಾಗುತ್ತದೆ. ವಾಸ್ತವದಲ್ಲಿ 1956ರಿಂದ ಈಚೆಗೆ ಗಣಿಗಳ ಒಡೆಯ ಸರ್ಕಾರವೇ. ಚಿತ್ರದಲ್ಲಿ ಸರಪಳಿಯಿಲ್ಲದ ಸೆರೆಯಾಳುಗಳಂತೆ ಕಾಣುವ ಜನರಿಗೆ ಹೊರಗಿನವನೊಬ್ಬ ಬಂದು ಧೈರ್ಯ ತುಂಬುತ್ತಾನೆ. ವಾಸ್ತವದ ಕಾರ್ಮಿಕರು 1930ರಲ್ಲಿಯೇ, ತಮ್ಮ ಬೆರಳಚ್ಚು ದಾಖಲಿಸಿಕೊಳ್ಳುವ ಕ್ರಮವನ್ನು ವಿರೋಧಿಸಿ ತಾವೇ ಮುಷ್ಕರ ಹೂಡಿದ್ದರು. ಇವರಲ್ಲಿ ಬಹುಪಾಲು ಜನ ಇಂದಿನ ತಮಿಳುನಾಡು ಮತ್ತು ಆಂಧ್ರ ಪ್ರದೇಶದ ಜಿಲ್ಲೆಗಳಿಂದ ವಲಸೆ ಬಂದ ಕುಟುಂಬಗಳವರು, ಅವರಲ್ಲಿಯೂ ದಲಿತ ಸಮುದಾಯದವರು. ನೆಲದಾಳದಲ್ಲಿ ಬಂಡೆ ಸಿಡಿಯುವ ಅವಘಡಗಳು, ಉಸಿರಿನೊಡನೆ ಸೇರುವ ಶಿಲಾಧೂಳಿನಿಂದ ಬರುವ ಸಿಲಿಕೋಸಿಸ್ ರೋಗ ಇವರ ಬದುಕಿನ ಭಾಗವಾಗಿದ್ದವು.

### ಚಾಂಪಿಯನ್ ರೀಫ್ಸ್

ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ಹೋಗುವ ರೈಲುಮಾರ್ಗದಲ್ಲಿ ಉರಿಗಾಂ ಮತ್ತು ಮಾರಿಕುಪ್ಪಂ ನಡುವಿನ ನಿಲ್ದಾಣ ಚಾಂಪಿಯನ್. ಗಣಿಗಳಿಗಾಗಿ ಹಾಕಿದ ಈ ಹಳಿಯ ಮೇಲೆ ಇಂದು ಓಡಾಡುವವರು ಬಹುತೇಕ ಬೆಂಗಳೂರಿಗೆ ದಿನವೂ ಕೆಲಸಕ್ಕೆ ಹೋಗಿಬರುವ ಜನ.

ಊರಿಗೆ ಹೆಸರು ಕೊಟ್ಟದ್ದು ಇಲ್ಲಿನ ಚಿನ್ನದ ಪದರ. ಸ್ಫಟಿಕಶಿಲೆಯ ಈ ಪದರವನ್ನು ಹಿಂಬಾಲಿಸಿ ಅಗೆಯುತ್ತ ಹೋದ ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿಲೋಮೀಟರ್ ಆಳ ತಲುಪಿ, ಜಗತ್ತಿನ ಅತ್ಯಂತ ಆಳದ ಗಣಿಗಳ ಸಾಲಿಗೆ ಸೇರಿತು. ಈ ಆಳವೇ ವಿಜ್ಞಾನಿಗಳನ್ನೂ ಇಲ್ಲಿಗೆ ಕರೆತಂದಿತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್ಹಾಂ ವಿಶ್ವವಿದ್ಯಾಲಯಗಳ ತಂಡ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಕುರುಹನ್ನು 1965ರಲ್ಲಿ ಇಲ್ಲಿ ಗುರುತಿಸಿತು. ಮೇಲಿನ ಬಂಡೆಯ ದಪ್ಪ ಇತರ ಕಣಗಳನ್ನು ತಡೆಹಿಡಿಯುವುದರಿಂದ ಇಂಥ ಪ್ರಯೋಗಕ್ಕೆ ಆಳವಾದ ಗಣಿ ಅನುಕೂಲಕರ. ಚಿತ್ರದಲ್ಲಿ ಸೇನೆ ನರಾಚಿಯತ್ತ ಸಾಗುವ 1981ರಲ್ಲಿ, ನಿಜವಾದ ಗಣಿಯೊಳಗೆ ವಿಜ್ಞಾನಿಗಳು ಪ್ರೋಟಾನ್ ಒಡೆಯುವುದೇ ಎಂದು ಕಾದು ಕುಳಿತಿದ್ದರು.

ಸುಮಾರು 120 ವರ್ಷಗಳಲ್ಲಿ ಕೋಲಾರದ ಗಣಿಗಳಿಂದ 800 ಟನ್ನಿಗೂ ಹೆಚ್ಚು ಚಿನ್ನ ಹೊರಬಂದಿತು. ಅದಿರಿನಿಂದ ಚಿನ್ನವನ್ನು ಸೈನೈಡ್ ಬಳಸಿ ಬೇರ್ಪಡಿಸಿದ ಮೇಲೆ ಉಳಿದ ಪುಡಿಯ ರಾಶಿಗಳು ದಿಬ್ಬಗಳಾಗಿ ನಿಂತಿವೆ. ಚಿತ್ರದ ಕೆಲವು ಭಾಗಗಳ ಚಿತ್ರೀಕರಣ ನಡೆದದ್ದು ಈ ಸೈನೈಡ್ ದಿಬ್ಬಗಳ ಪ್ರದೇಶದಲ್ಲಿ. ಆದ್ದರಿಂದ ತೆರೆಯ ಮೇಲೆ ಕಾಣುವ ನೆಲ ನಿಜವಾದುದು, ಅದರ ಮೇಲೆ ನಡೆಯುವ ಕಥೆ ಕಲ್ಪಿತವಾದುದು. ಗಣಿಗಳು 2001ರ ಫೆಬ್ರವರಿ 28ರಂದು ಕೆಲಸ ನಿಲ್ಲಿಸಿದವು.

### ಸಮನ್ವಯದ ಪ್ರಯತ್ನಗಳು

ಚಿತ್ರದ ಕಥೆಗೂ ವಾಸ್ತವಕ್ಕೂ ಇರುವ ಅಂತರವನ್ನು ಎರಡು ರೀತಿಯಲ್ಲಿ ತುಂಬಲು ಯತ್ನಿಸಬಹುದು. ಮೊದಲನೆಯದು, ನರಾಚಿ ಎಂಬುದು ಚಾಂಪಿಯನ್ ರೀಫ್, ಮೈಸೂರು, ಉರಿಗಾಂ, ನಂದಿದುರ್ಗ ಗಣಿಗಳಿಗಿಂತ ಬೇರೆಯಾದ, ಅವುಗಳ ಹತ್ತಿರವೇ ಇರುವ ಕಾಲ್ಪನಿಕ ಗಣಿ ಎಂದು ಭಾವಿಸುವುದು. ಆಗ 1951ರ ಶೋಧ ಹೊಸ ನಿಕ್ಷೇಪವೊಂದರ ಶೋಧವಾಗುತ್ತದೆ. ಆದರೆ ಏಳು ದಶಕಗಳಿಂದ ಭೂಗರ್ಭತಜ್ಞರು ಅಂಗುಲ ಅಂಗುಲವಾಗಿ ಪರಿಶೀಲಿಸಿದ್ದ ಪ್ರದೇಶದಲ್ಲಿ ಅಷ್ಟು ದೊಡ್ಡ ನಿಕ್ಷೇಪವೊಂದು ಕಣ್ಣಿಗೆ ಬೀಳದೆ ಉಳಿಯಿತೆಂದು ನಂಬಬೇಕಾಗುತ್ತದೆ. ಎರಡನೆಯದು, ಚಿತ್ರದ ಲೋಕದಲ್ಲಿ ಹಿಂದಿನ ಗಣಿಗಳು ಇರಲೇ ಇಲ್ಲವೆಂದು ಒಪ್ಪುವುದು. ಇದು ತರ್ಕಕ್ಕೆ ಸರಳ. ಇದರ ಬೆಲೆ ಮಾತ್ರ ದೊಡ್ಡದು. ಊರಿನ ಹೆಸರನ್ನು ಉಳಿಸಿಕೊಂಡು, ಆ ಹೆಸರನ್ನು ಗಳಿಸಿಕೊಟ್ಟವರ ಶ್ರಮವನ್ನು ಕಥೆಯಿಂದ ಅಳಿಸಿದಂತಾಗುತ್ತದೆ.

ಕೆ.ಜಿ.ಎಫ್ ಎಂಬ ಮೂರಕ್ಷರ ಕೇಳಿದೊಡನೆ ದೇಶದ ಬಹುಜನರಿಗೆ ಇಂದು ಮೊದಲು ನೆನಪಾಗುವುದು ಚಿತ್ರ. ಇಸವಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವ ಹವ್ಯಾಸದಿಂದ ಒದಗುವ ಒಂದು ಪ್ರಯೋಜನವೆಂದರೆ, ಚಿತ್ರದ 1951 ಏಕೆ ಹೊಂದುವುದಿಲ್ಲವೆಂದು ಹುಡುಕಹೊರಟವರು 1880, 1902, 1930, 1956 ಹಾಗೂ 2001ನ್ನು ದಾಟಿಯೇ ಬರಬೇಕಾಗುತ್ತದೆ.

## ಇತರೆಡೆಯ ಉದಾಹರಣೆಗಳು

ಕಲ್ಪಿತ ಕಥೆಗಳಿಗೆ ಕಾಲಾನುಕ್ರಮ ಕಟ್ಟುವ ರೂಢಿ ಚಲನಚಿತ್ರಗಳಿಗಿಂತ ಹಳೆಯದು. ಆರ್ಥರ್ ಕಾನನ್ ಡಾಯ್ಲ್ ಅವರ ಷರ್ಲಾಕ್ ಹೋಮ್ಸ್ ಕಥೆಗಳಲ್ಲಿ ವಾಟ್ಸನ್ನನಿಗೆ ಯುದ್ಧದಲ್ಲಿ ತಗುಲಿದ ಗಾಯ ಒಂದು ಕೃತಿಯಲ್ಲಿ ಭುಜದಲ್ಲಿಯೂ ಮತ್ತೊಂದರಲ್ಲಿ ಕಾಲಿನಲ್ಲಿಯೂ ಇದೆ. ಇಂಥ ವಿರೋಧಗಳನ್ನು ಧರ್ಮಗ್ರಂಥಗಳ ವಿಮರ್ಶೆಯ ಗಾಂಭೀರ್ಯದಲ್ಲಿ, ತಮಾಷೆಗಾಗಿ ಚರ್ಚಿಸುವ ಪದ್ಧತಿಗೆ ರೊನಾಲ್ಡ್ ನಾಕ್ಸ್ ಅವರ 1911ರ ಪ್ರಬಂಧ ಬುನಾದಿ ಹಾಕಿತು.

ಹಾಲಿವುಡ್‌ನಲ್ಲಿ 2008ರ *ಐರನ್ ಮ್ಯಾನ್*‌ನಿಂದ ಆರಂಭವಾದ ಮಾರ್ವೆಲ್ ಚಿತ್ರಲೋಕ ಈ ಹವ್ಯಾಸಕ್ಕೆ ದೊಡ್ಡ ಕ್ಷೇತ್ರ. ಅಲ್ಲಿನ ಪ್ರಸಿದ್ಧ ತೊಡಕು *ಸ್ಪೈಡರ್-ಮ್ಯಾನ್: ಹೋಮ್‌ಕಮಿಂಗ್* (2017) ಚಿತ್ರದ್ದು. 2012ರಲ್ಲಿ ನಡೆದ ಯುದ್ಧದ ನಂತರ ಎಂಟು ವರ್ಷ ಕಳೆದಿದೆಯೆಂದು ಚಿತ್ರ ಹೇಳುತ್ತದೆ. ಹಾಗಾದರೆ ಕಥೆ 2020ಕ್ಕೆ ಹೋಗಬೇಕು. ಆದರೆ ಅದು 2016ರ ಚಿತ್ರವೊಂದರ ಘಟನೆಗಳ ಬೆನ್ನಿಗೇ ನಡೆಯುವಂಥದ್ದು. ಮುಂದೆ 2023ರಲ್ಲಿ ಸಂಸ್ಥೆಯೇ ಅಧಿಕೃತ ಕಾಲಾನುಕ್ರಮದ ಪುಸ್ತಕವನ್ನು ಹೊರತಂದಿತು. ಸ್ಟಾರ್ ವಾರ್ಸ್ ಸರಣಿಯ ಒಡೆತನ ಹೊಂದಿರುವ ಸಂಸ್ಥೆ 2014ರಲ್ಲಿ, ಅದುವರೆಗಿನ ಬಹುತೇಕ ಕಾದಂಬರಿ ಮತ್ತು ಕಾಮಿಕ್ಸ್‌ಗಳನ್ನು ಅಧಿಕೃತ ಕಥೆಯಿಂದ ಬೇರ್ಪಡಿಸಿ ದಂತಕಥೆಗಳೆಂದು ವರ್ಗೀಕರಿಸಿತು.

ತಮಿಳಿನಲ್ಲಿ ಲೋಕೇಶ್ ಕನಗರಾಜ್ ನಿರ್ದೇಶನದ *ಕೈದಿ* (2019), *ವಿಕ್ರಮ್* (2022) ಮತ್ತು *ಲಿಯೋ* (2023) ಒಂದೇ ಕಥಾಲೋಕಕ್ಕೆ ಸೇರಿವೆ. ಕನ್ನಡದಲ್ಲಿ *ಕಾಂತಾರ* (2022) ಬಿಡುಗಡೆಯ ಕ್ರಮಕ್ಕೂ ಕಥೆಯ ಕ್ರಮಕ್ಕೂ ಇರುವ ವ್ಯತ್ಯಾಸಕ್ಕೆ ಉತ್ತಮ ನಿದರ್ಶನ. ಮೊದಲು ಬಂದ ಚಿತ್ರ 1847, 1970 ಮತ್ತು 1990ರ ಘಟನೆಗಳನ್ನು ಒಳಗೊಂಡಿದೆ. ನಂತರ ಬಂದ *ಕಾಂತಾರ: ಚಾಪ್ಟರ್ 1* (2025) ಕದಂಬರ ಕಾಲದ ಪೂರ್ವಕಥೆಯನ್ನು ಹೇಳುತ್ತದೆ.

## ಇದನ್ನೂ ನೋಡಿ

* ಕೆ.ಜಿ.ಎಫ್: ಚಾಪ್ಟರ್ 1
* ಕೆ.ಜಿ.ಎಫ್: ಚಾಪ್ಟರ್ 2
* ಪ್ರಶಾಂತ್ ನೀಲ್
* ಕೋಲಾರ ಚಿನ್ನದ ಗಣಿ
* ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್
* ಬಂಗಾರಪೇಟೆ